ಬೇಸಾಯಗಾರ ಸೇನಾಪತಿ ಜಾರ್ಜ್ ವಾಷಿಂಗ್ಟನ್

ಜಾರ್ಜ್ ವಾಷಿಂಗ್ಟನ್ನನ ಹೆಸರು ಕೇಳಿದೊಡನೆ ಕುದುರೆಯೇರಿದ ಸೇನಾಪತಿ, ಇಲ್ಲವೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಮೊದಲನೆಯ ಅಧ್ಯಕ್ಷ ನಮ್ಮ ಕಣ್ಣ ಮುಂದೆ ನಿಲ್ಲುತ್ತಾನೆ. ಇತಿಹಾಸದ ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವನ ಬಾಳಿನ ಬಹುಭಾಗ ಕಳೆದುದು ಹೊಲ, ಗಿರಣಿ, ಲೆಕ್ಕದ ಪುಸ್ತಕಗಳ ನಡುವೆ. ಆ ವಾಷಿಂಗ್ಟನ್ನನನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದೇ ಈ ಬರಹದ ಉದ್ದೇಶ.

ಅವನು ಹುಟ್ಟಿದ್ದು 1732ರ ಫೆಬ್ರವರಿ 22ರಂದು, ಆಗ ಇಂಗ್ಲೆಂಡಿನ ವಸಾಹತಾಗಿದ್ದ ವರ್ಜೀನಿಯದಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡನು. ಅಣ್ಣಂದಿರಿಗೆ ದೊರೆತಿದ್ದ ಇಂಗ್ಲೆಂಡಿನ ವಿದ್ಯಾಭ್ಯಾಸ ಅವನಿಗೆ ದೊರೆಯಲಿಲ್ಲ. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲೇ ಇಲ್ಲ. ಜಮೀನು ಅಳೆಯುವ ಮೋಜಣಿ ವಿದ್ಯೆಯನ್ನು ಕಲಿತು, 1749ರಲ್ಲಿ, ಹದಿನೇಳನೆಯ ವಯಸ್ಸಿಗೇ ಕಲ್ಪೆಪರ್ ಜಿಲ್ಲೆಯ ಮೋಜಣಿದಾರನಾದನು.

ಅವನ ಸೈನಿಕ ಜೀವನ ಆರಂಭವಾದುದು ಸೋಲಿನಿಂದ. 1754ರಲ್ಲಿ ಫ್ರೆಂಚರ ಮುಂದೆ ಕೋಟೆಯೊಂದನ್ನು ಒಪ್ಪಿಸಿ ಹಿಂದಿರುಗಬೇಕಾಯಿತು. ಮರುವರ್ಷ ಬ್ರಾಡಕ್ ಎಂಬ ಇಂಗ್ಲಿಷ್ ಸೇನಾಪತಿ ಸೋತು ಮಡಿದ ಕಾಳಗದಲ್ಲಿ ಅವನೂ ಇದ್ದನು. ಏರಿದ್ದ ಎರಡು ಕುದುರೆಗಳು ಗುಂಡೇಟಿಗೆ ಉರುಳಿದವು. ಅಂಗಿಯನ್ನು ನಾಲ್ಕು ಗುಂಡುಗಳು ತೂರಿಹೋದವು. ಮೈಗೆ ಮಾತ್ರ ಏನೂ ಆಗಲಿಲ್ಲ. 1758ರ ಕೊನೆಯಲ್ಲಿ ಸೈನ್ಯವನ್ನು ಬಿಟ್ಟು, ಮರುವರ್ಷದ ಜನವರಿಯಲ್ಲಿ ಮಾರ್ತಾ ಕಸ್ಟಿಸ್ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾಗಿ, ಪೊಟೋಮ್ಯಾಕ್ ನದಿಯ ದಡದ ಮೌಂಟ್ ವರ್ನನ್ನಿನಲ್ಲಿ ಒಕ್ಕಲುತನಕ್ಕೆ ನಿಂತನು.

ಆಗ ವರ್ಜೀನಿಯದ ಬೆಳೆಯೆಂದರೆ ಹೊಗೆಸೊಪ್ಪು. ಅದು ನೆಲದ ಸಾರವನ್ನು ಹೀರುತ್ತಿತ್ತು. ಬೆಳೆ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿಯ ವರ್ತಕರು ಅದನ್ನು ಮಾರಿ, ಬೇಕಾದ ಸಾಮಾನುಗಳನ್ನು ಸಾಲದ ಮೇಲೆ ಕಳಿಸುತ್ತಿದ್ದರು. ಬೆಳೆದವನಿಗೆ ಉಳಿಯುತ್ತಿದ್ದುದು ಸಾಲ. ಈ ಉರುಳಿನಿಂದ ಪಾರಾಗಲು ಅವನು 1766ರ ಹೊತ್ತಿಗೆ ಮೌಂಟ್ ವರ್ನನ್ನಿನಲ್ಲಿ ಹೊಗೆಸೊಪ್ಪನ್ನು ಕೈಬಿಟ್ಟು ಗೋಧಿಯ ಕಡೆ ತಿರುಗಿದನು. 1771ರಲ್ಲಿ ಹೊಸ ಹಿಟ್ಟಿನ ಗಿರಣಿ ಕಟ್ಟಿಸಿ, ತನ್ನ ಹೆಸರಿನ ಗುರುತು ಹಾಕಿದ ಹಿಟ್ಟನ್ನು ವೆಸ್ಟ್ ಇಂಡೀಸ್ ದ್ವೀಪಗಳವರೆಗೂ ಮಾರಿದನು. ನದಿಯಲ್ಲಿ ಲಕ್ಷಗಟ್ಟಲೆ ಮೀನು ಹಿಡಿಸಿ, ಉಪ್ಪು ಹಾಕಿ, ಪೀಪಾಯಿಗಳಲ್ಲಿ ತುಂಬಿ ವ್ಯಾಪಾರ ಮಾಡಿದನು.

1775ರ ಜೂನ್ ತಿಂಗಳಲ್ಲಿ ವಸಾಹತುಗಳ ಸೈನ್ಯದ ಮುಖಂಡತ್ವ ಅವನ ಪಾಲಿಗೆ ಬಂದಿತು. ಸಂಬಳ ಬೇಡವೆಂದು, ಖರ್ಚಿನ ಲೆಕ್ಕ ಮಾತ್ರ ಬರೆದಿಟ್ಟನು. 1776ರ ಕ್ರಿಸ್ಮಸ್ ರಾತ್ರಿ ಹಿಮಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿದುದು, ಮರುವರ್ಷದ ಚಳಿಗಾಲದಲ್ಲಿ ವ್ಯಾಲಿ ಫೋರ್ಜಿನ ಬೀಡಿನಲ್ಲಿ ರೋಗದಿಂದ ಸುಮಾರು ಎರಡು ಸಾವಿರ ಜನ ಸತ್ತರೂ ಸೈನ್ಯವನ್ನು ಚದುರದಂತೆ ಕಾಪಾಡಿದುದು ಪ್ರಸಿದ್ಧವಾಗಿವೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಶರಣಾಯಿತು. ಇದೇ ಕಾರ್ನ್‌ವಾಲಿಸನು 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು. ಅಲ್ಲಿ ಸೋತ ಕೈ ಇಲ್ಲಿ ನಮ್ಮ ನಾಡನ್ನು ಹಿಂಡಿತು.

ಗೆದ್ದ ಸೇನಾಪತಿ ಅರಸನಾಗಬಹುದಾಗಿದ್ದ ಕಾಲವದು. ಅವನಾದರೋ 1783ರ ಡಿಸೆಂಬರ್ 23ರಂದು ಅಧಿಕಾರ ಪತ್ರವನ್ನು ಹಿಂದಿರುಗಿಸಿ ಮನೆಗೆ ನಡೆದನು. ಗೊಬ್ಬರದ ಪ್ರಯೋಗ, ಬೆಳೆ ಬದಲಾವಣೆ, ಹೇಸರಗತ್ತೆಗಳ ಸಾಕಣೆ, ಕುದುರೆಗಳಿಂದ ತುಳಿಸಿ ಗೋಧಿ ಬಡಿಯಲು ಹದಿನಾರು ಮುಖದ ಕಣದ ಮನೆ, ಹೀಗೆ ಅವನ ಬುದ್ಧಿ ಸದಾ ಮಣ್ಣಿನ ಮೇಲೆಯೇ ಇತ್ತು. 1789ರಿಂದ 1797ರವರೆಗೆ ಅಧ್ಯಕ್ಷನಾಗಿದ್ದಾಗಲೂ ಹೊಲದ ವರದಿ ವಾರವಾರವೂ ಅವನಿಗೆ ಹೋಗಬೇಕಾಗಿತ್ತು. ಹಿಂದಿರುಗಿದ ಮೇಲೆ ಕಟ್ಟಿಸಿದ ಬಟ್ಟಿಯಲ್ಲಿ 1799ರಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ತಯಾರಾಯಿತು.

ಇಷ್ಟೆಲ್ಲ ಹೊಲವನ್ನು ಉತ್ತವರಾರು? ಮೀನಿನ ಬಲೆ ಎಳೆದವರಾರು? 1799ರಲ್ಲಿ ಮೌಂಟ್ ವರ್ನನ್ನಿನಲ್ಲಿ 317 ಮಂದಿ ಗುಲಾಮರಿದ್ದರು. ಸ್ವಾತಂತ್ರ್ಯಕ್ಕಾಗಿ ಕತ್ತಿ ಹಿಡಿದವನ ಹೊಲದಲ್ಲಿ ದುಡಿದವರಿಗೆ ಸ್ವಾತಂತ್ರ್ಯವಿರಲಿಲ್ಲ. 1796ರಲ್ಲಿ ಓನಾ ಜಡ್ಜ್ ಎಂಬ ದಾಸಿ ಅಧ್ಯಕ್ಷನ ಮನೆಯಿಂದಲೇ ತಪ್ಪಿಸಿಕೊಂಡಳು. ಅವಳನ್ನು ಹಿಡಿದು ತರಿಸಲು ಅವನು ಮಾಡಿದ ಪ್ರಯತ್ನ ಫಲಿಸಲಿಲ್ಲ. ಆದರೂ ಮುಪ್ಪಿನಲ್ಲಿ ಅವನ ಮನಸ್ಸು ಬದಲಾಗಿತ್ತು. ತನ್ನ ಸ್ವಂತದ 123 ಮಂದಿಯನ್ನು ಹೆಂಡತಿಯ ಕಾಲಾನಂತರ ಬಿಡುಗಡೆ ಮಾಡಬೇಕು, ಮುದುಕರಿಗೆ ಅನ್ನಬಟ್ಟೆ ಕೊಡಬೇಕು, ಅನಾಥ ಮಕ್ಕಳಿಗೆ ಓದು ಕಲಿಸಬೇಕೆಂದು ಮರಣಪತ್ರದಲ್ಲಿ ಬರೆದನು. ಮಾರ್ತಾ 1801ರ ಜನವರಿ 1ರಂದೇ ಅವರನ್ನು ಬಿಡುಗಡೆ ಮಾಡಿದಳು. ಕಸ್ಟಿಸ್ ಮನೆತನದ ಪಾಲಿನ ಗುಲಾಮರು ಮಾತ್ರ ಗುಲಾಮರಾಗಿಯೇ ಉಳಿದರು. ಗಂಡ, ಹೆಂಡತಿ, ಮಕ್ಕಳು ಎರಡು ಪಾಲಾದ ಸಂಸಾರಗಳೂ ಇದ್ದವು.

1799ರ ಡಿಸೆಂಬರ್ 12ರಂದು ಹಿಮ, ಮಳೆಗಳಲ್ಲಿ ನೆನೆಯುತ್ತ ಹೊಲ ಸುತ್ತಿ ಬಂದವನಿಗೆ ಗಂಟಲು ಬೇನೆ ಹಿಡಿಯಿತು. ವೈದ್ಯರು ಆ ಕಾಲದ ಪದ್ಧತಿಯಂತೆ ಮತ್ತೆಮತ್ತೆ ರಕ್ತ ತೆಗೆದರು. 14ರ ರಾತ್ರಿ, ಅರವತ್ತೇಳನೆಯ ವಯಸ್ಸಿನಲ್ಲಿ ಅವನು ಕೊನೆಯುಸಿರೆಳೆದನು.

ಹೊಲದಿಂದ ಕಾಲೇಜಿಗೆ ಬಂದ ನಮ್ಮಂಥವರಿಗೆ ಈ ಜೀವನದಿಂದ ಕಲಿಯುವುದು ಬಹಳವಿದೆ. ಸಾಲದ ಬೆಳೆಯನ್ನು ಬಿಟ್ಟ ವಿವೇಕ, ಅಧಿಕಾರವನ್ನು ಬಿಟ್ಟ ಸಂಯಮ ಎರಡೂ ಅನುಕರಣೀಯ. ಆದರೆ ಗುಲಾಮರ ವಿಷಯದಲ್ಲಿ ಅವನು ತಡಮಾಡಿದನು. ಬೆಳೆದವನ ಹೆಸರಿನ ಜೊತೆಗೆ ದುಡಿದವರ ಲೆಕ್ಕವನ್ನೂ ಬರೆದಾಗಲೇ ಅವನ ಚರಿತ್ರೆ ಪೂರ್ಣವಾದೀತು.