ಮೀನಿಗೆ ಹೆಸರಿಟ್ಟ ವೈದ್ಯರು

ಒಳ್ಳೆಯ ಮಳೆಯಾಗಿ ಕೆರೆ ತುಂಬಿದ ವರ್ಷ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ನೀವು ಕಾಟ್ಲಾ, ರೋಹು ಮೀನುಗಳನ್ನು ಕೊಂಡಿರಬಹುದು. ಈ ಮೀನುಗಳ ಶಾಸ್ತ್ರೀಯ ಹೆಸರಿನ ಕೊನೆಗೆ 'ಹ್ಯಾಮಿಲ್ಟನ್, 1822' ಎಂದು ಬರೆಯುವುದು ರೂಢಿ. ಆ ಹ್ಯಾಮಿಲ್ಟನ್ ಒಮ್ಮೆ ನಿಮ್ಮ ಊರುಗಳ ದಾರಿಯಲ್ಲೇ ಹಾದುಹೋದವರು.

ಹುಟ್ಟುಹೆಸರು ಫ್ರಾನ್ಸಿಸ್ ಬುಕನನ್. ಜನನ 1762, ಸ್ಕಾಟ್ಲೆಂಡ್. ಎಡಿನ್‌ಬರೋದಲ್ಲಿ ವೈದ್ಯವಿದ್ಯೆ ಕಲಿಯುವಾಗ ಜಾನ್ ಹೋಪ್ ಎಂಬ ಗುರುಗಳು ಅವರಿಗೆ ಲಿನ್ನೇಯಸ್ ಪದ್ಧತಿಯ ರುಚಿ ಹತ್ತಿಸಿದರು. ಅದರಲ್ಲಿ ಪ್ರತಿ ಜೀವಿಗೂ ಎರಡು ಪದಗಳ ಹೆಸರು. ಮೊದಲನೆಯದು ಹತ್ತಿರದ ನಂಟರಿಗೆಲ್ಲ ಒಂದೇ, ನಮ್ಮ ಮನೆತನದ ಹೆಸರಿದ್ದ ಹಾಗೆ. ಎರಡನೆಯದು ಆ ಒಂದು ಬಗೆಯನ್ನು ಗುರುತಿಸುತ್ತದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ನೋಡಿ ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವರನ್ನು ಕಳುಹಿಸಿದರು. 1800ರಲ್ಲಿ ಮಧುಗಿರಿ, ಶಿರಾಗಳಿಗೆ ಬಂದರು. ಮಣ್ಣು, ಬೆಳೆ, ಕಬ್ಬಿಣದ ಕುಲುಮೆ, ಕಂಡದ್ದನ್ನೆಲ್ಲ ಬರೆದುಕೊಂಡರು. (ಕಂಪನಿಗೆ ಬೇಕಾಗಿದ್ದುದು ಸೀಮೆಯ ಆದಾಯದ ಅಂದಾಜು ಎಂಬುದನ್ನೂ ಮರೆಯಬಾರದು.) 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು.

ಆಮೇಲೆ ಬಂಗಾಳದಲ್ಲಿ ಏಳು ವರ್ಷ ಸರ್ವೇಕ್ಷಣೆ. ಗಂಗೆಯ ಮೀನುಗಳನ್ನು ತರಿಸಿ, ರೆಕ್ಕೆ, ಹುರುಪೆ, ಬಾಯಿಯ ಆಕಾರ ಪರೀಕ್ಷಿಸಿ, ಸ್ಥಳೀಯ ಕಲಾವಿದರಿಂದ ಚಿತ್ರ ಬರೆಸಿದರು. ಹೊಸ ಹೆಸರು ಕೊಡಬೇಕಾದಾಗ ಲ್ಯಾಟಿನ್ನಿಗೇ ಜೋತುಬೀಳದೆ ಜನರ ಬಾಯಲ್ಲಿದ್ದ ರೋಹಿತ, ಕಾಟ್ಲಾ, ಮೃಗಾಲ ಎಂಬ ಹೆಸರುಗಳನ್ನೇ ಉಳಿಸಿಕೊಂಡರು. ನನಗೆ ಅವರಲ್ಲಿ ಬಹಳ ಹಿಡಿಸುವುದು ಇದೇ.

1815ರಲ್ಲಿ ತಾಯ್ನಾಡಿಗೆ ಹೊರಟಾಗ, ವರ್ಷಗಟ್ಟಲೆ ಬರೆಸಿದ ಆ ಚಿತ್ರಗಳನ್ನು ಒಯ್ಯಲು ಸರ್ಕಾರ ಬಿಡಲಿಲ್ಲ. ಅವು ಕಲ್ಕತ್ತೆಯಲ್ಲೇ ಉಳಿದವು. ಆ ನೋವಿನಲ್ಲೂ 1822ರಲ್ಲಿ ಮೀನಿನ ಗ್ರಂಥ ಹೊರತಂದರು. ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿ ಬಂದು ಅವರು ಹ್ಯಾಮಿಲ್ಟನ್ ಆಗಿದ್ದರು. 1829ರಲ್ಲಿ ತೀರಿಕೊಂಡರು.

ಅವರು ಈ ಮೂರೂ ಮೀನುಗಳನ್ನು ಸಿಪ್ರಿನಸ್ ಎಂಬ ಒಂದೇ ಗುಂಪಿಗೆ ಸೇರಿಸಿದ್ದರು. ಮುಂದಿನ ವಿಜ್ಞಾನಿಗಳು ನಂಟನ್ನು ಇನ್ನಷ್ಟು ಕೆದಕಿ ಬೇರೆ ಗುಂಪುಗಳಿಗೆ ಒಯ್ದರು. ಹೀಗೆ ಗುಂಪು ಬದಲಾದಾಗ ಮೊದಲು ಹೆಸರಿಟ್ಟವರ ಹೆಸರನ್ನು ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ. ರೋಹು ಇಂದು ಲೇಬಿಯೊ ಗುಂಪಿನಲ್ಲಿದೆ. ಎರಡನೆಯ ಪದ ಮಾತ್ರ ಈಗಲೂ ರೋಹಿತ.