ಮನೆಯಲ್ಲೇ ಪ್ಲಾಟಿನಂ ಶುದ್ಧ ಮಾಡಿದ ವೊಲಾಸ್ಟನ್: ಅವರು ಯಾವ ಗ್ರೇಡ್ ಆಸಿಡ್ ಕೊಳ್ಳುತ್ತಿದ್ದರು?

ಹಳೆಯ ಮೊಬೈಲ್ ಬೋರ್ಡು, ಒಂದು ಬಾಟಲಿ ಆಸಿಡ್, ಒಂದು ಗಾಜಿನ ಪಾತ್ರೆ. ಎರಡೇ ನಿಮಿಷದಲ್ಲಿ ಅಂಗೈ ಮೇಲೆ ಚಿನ್ನದ ಗುಂಡು! ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡಿದವರಿಗೆ ಮೊದಲು ಏಳುವ ಪ್ರಶ್ನೆ: ಆಸಿಡ್ ಎಲ್ಲಿ ಸಿಗುತ್ತೆ, ಯಾವ ಗ್ರೇಡ್ ತಗೊಂಡರೆ ಒಳ್ಳೆಯದು?

ಇನ್ನೂರು ವರ್ಷದ ಹಿಂದೆ ಇದೇ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬರಿದ್ದರು. ಅವರು ತಮ್ಮ ಮನೆಯ ಹಿಂಭಾಗದಲ್ಲೇ ಬೆಲೆಬಾಳುವ ಲೋಹ ಶುದ್ಧ ಮಾಡಿ ಶ್ರೀಮಂತರಾದರು. ಹೆಸರು ವಿಲಿಯಂ ಹೈಡ್ ವೊಲಾಸ್ಟನ್. ಅವರ ಜೀವನ ನೋಡಿದರೆ, ವಿಡಿಯೋದವರು ಏನನ್ನು ತೋರಿಸುವುದಿಲ್ಲ ಅನ್ನುವುದು ನಮಗೆ ಗೊತ್ತಾಗುತ್ತದೆ.

ಡಾಕ್ಟರಿಕೆ ಬಿಟ್ಟು ಅದಿರಿನ ವ್ಯಾಪಾರಕ್ಕೆ

ವೊಲಾಸ್ಟನ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಈಸ್ಟ್ ಡೆರೆಹಂ ಎಂಬ ಊರಿನಲ್ಲಿ. ತಂದೆ ಪಾದ್ರಿ, ಜೊತೆಗೆ ಖಗೋಳಾಸಕ್ತ. ಮಗ ಕೇಂಬ್ರಿಡ್ಜ್‌ನಲ್ಲಿ ವೈದ್ಯಕೀಯ ಓದಿ ಕೆಲವು ವರ್ಷ ರೋಗಿಗಳನ್ನು ನೋಡಿದರು. ಆ ವೃತ್ತಿ ಮನಸ್ಸಿಗೆ ಹಿಡಿಸಲಿಲ್ಲ. 1800ರಲ್ಲಿ ಅದನ್ನು ಬಿಟ್ಟು, ಗೆಳೆಯ ಸ್ಮಿತ್ಸನ್ ಟೆನೆಂಟ್ ಜೊತೆ ಪಾಲುದಾರಿಕೆಯಲ್ಲಿ ಪ್ಲಾಟಿನಂ ವ್ಯಾಪಾರ ಶುರುಮಾಡಿದರು.

ಆಗ ಪ್ಲಾಟಿನಂ ಬಳಸಲು ಕಷ್ಟವಾದ ಲೋಹ. ಅದು ಕರಗಲು 1,768 ಡಿಗ್ರಿ ಸೆಲ್ಸಿಯಸ್ ಬೇಕು. ಅಂದಿನ ಕುಲುಮೆಗಳಲ್ಲಿ ಅಷ್ಟು ಶಾಖ ಬರುತ್ತಿರಲಿಲ್ಲ. ಹೇಗೋ ಗಟ್ಟಿ ಮಾಡಿದರೂ ಸುತ್ತಿಗೆ ಬಿದ್ದಾಗ ಅನೇಕ ಸಲ ಒಡೆದುಹೋಗುತ್ತಿತ್ತು. ಇದನ್ನು ತಗಡಾಗಿ ಬಡಿಯುವಂತೆ ಮಾಡಿದರೆ ಲಾಭವಿದೆ ಎಂದು ಇಬ್ಬರೂ ಲೆಕ್ಕ ಹಾಕಿದರು. 1800ರ ಕ್ರಿಸ್‌ಮಸ್ ಹೊತ್ತಿಗೆ ಸುಮಾರು 800 ಪೌಂಡ್ ಕೊಟ್ಟು ಸುಮಾರು 6,000 ಔನ್ಸ್, ಅಂದರೆ 185 ಕೆ.ಜಿ.ಯಷ್ಟು ಅದಿರು ಕೊಂಡರು.

ಅದಿರು ಬರುತ್ತಿದ್ದುದು ಇಂದಿನ ಕೊಲಂಬಿಯಾದಿಂದ. ಆ ನಾಡು ಆಗ ಸ್ಪೇನ್ ಹಿಡಿತದಲ್ಲಿತ್ತು. ಹಾಗಾಗಿ ಮಾಲು ಜಮೈಕಾ ಮೂಲಕ ಕಳ್ಳಸಾಗಣೆಯಲ್ಲಿ ಲಂಡನ್ ಸೇರುತ್ತಿತ್ತು. ಅದರಲ್ಲಿ ಮರಳು, ಕಬ್ಬಿಣ, ಚೂರುಪಾರು ಚಿನ್ನ, ಪಾದರಸ ಎಲ್ಲವೂ ಬೆರೆತಿರುತ್ತಿತ್ತು. ಮುಂದಿನ ವರ್ಷಗಳಲ್ಲಿ ಅವರು ಲಂಡನ್‌ನ ಅದಿರು ವ್ಯಾಪಾರಿ ಜಾನ್ ಜಾನ್ಸನ್ ಅವರಿಂದಲೂ ಮಾಲು ಕೊಂಡರು.

ಉಳಿದ ದ್ರಾವಣದಲ್ಲಿ ಹೊಸ ಲೋಹಗಳು

ಶುದ್ಧ ಮಾಡುವ ದಾರಿ ಆಗಲೇ ಎಲ್ಲ ರಸಾಯನಶಾಸ್ತ್ರಜ್ಞರಿಗೂ ಗೊತ್ತಿತ್ತು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಅಕ್ವಾ ರೀಜಿಯಾ. ಅದರಲ್ಲಿ ಅದಿರನ್ನು ಕರಗಿಸಿ ನವಸಾಗರದ ನೀರು ಹಾಕಿದರೆ ಹಳದಿ ಪುಡಿ ತಳಕ್ಕೆ ಕೂರುತ್ತದೆ. ಅದನ್ನು ಕಾಯಿಸಿದರೆ ಪ್ಲಾಟಿನಂ ಉಳಿಯುತ್ತದೆ.

ಬೇರೆಯವರು ಚೆಲ್ಲುತ್ತಿದ್ದ ಉಳಿಕೆ ದ್ರಾವಣವನ್ನು ವೊಲಾಸ್ಟನ್ ಚೆಲ್ಲಲಿಲ್ಲ. ಅದರಲ್ಲಿ 1802ರಲ್ಲಿ ಪೆಲ್ಲೇಡಿಯಂ, 1804ರಲ್ಲಿ ರೋಡಿಯಂ ಕಂಡುಹಿಡಿದರು. ಆಮ್ಲದಲ್ಲಿ ಕರಗದೆ ಉಳಿದ ಕಪ್ಪು ಪುಡಿಯಲ್ಲಿ ಟೆನೆಂಟ್ ಅವರಿಗೆ ಇರಿಡಿಯಂ, ಆಸ್ಮಿಯಂ ಸಿಕ್ಕವು.

ಪೆಲ್ಲೇಡಿಯಂ ಸುದ್ದಿಯನ್ನು ಅವರು ಹೊರಗೆ ಬಿಟ್ಟ ರೀತಿ ವಿಚಿತ್ರ. 1803ರಲ್ಲಿ ಹೆಸರಿಲ್ಲದ ಒಂದು ಕರಪತ್ರ ಹಂಚಿ, ಲಂಡನ್‌ನ ಒಂದು ಅಂಗಡಿಯಲ್ಲಿ ಹೊಸ ಲೋಹವನ್ನು ಮಾರಾಟಕ್ಕಿಟ್ಟರು. ರಿಚರ್ಡ್ ಚೆನೆವಿಕ್ಸ್ ಎಂಬ ವಿಜ್ಞಾನಿ ಅದನ್ನು ಕೊಂಡು ಪರೀಕ್ಷಿಸಿ, ಇದು ಮೋಸ, ಪ್ಲಾಟಿನಂ ಮತ್ತು ಪಾದರಸದ ಮಿಶ್ರಣ ಎಂದು ಸಾರಿದರು. ಹೆಸರಿಲ್ಲದ ಮಾರಾಟಗಾರ ಇದಕ್ಕೆ ವಾದ ಮಾಡಲಿಲ್ಲ. ಯಾರಾದರೂ ಇದನ್ನು ಕೃತಕವಾಗಿ ಮಾಡಿ ತೋರಿಸಿದರೆ 20 ಪೌಂಡ್ ಬಹುಮಾನ ಎಂದು ಪ್ರಕಟಿಸಿದರು. ಯಾರಿಂದಲೂ ಆಗಲಿಲ್ಲ. 1805ರಲ್ಲಿ ವೊಲಾಸ್ಟನ್ ಅದು ತಾನೇ ಎಂದು ಒಪ್ಪಿಕೊಂಡರು.

ಸ್ಟ್ರಾಂಗ್ ಆಸಿಡ್ ಅಂದರೆ ಒಳ್ಳೆಯ ಆಸಿಡ್ ಅಲ್ಲ

ಈಗ ಗ್ರೇಡ್ ವಿಷಯಕ್ಕೆ ಬರೋಣ. ತಮ್ಮ ವಿಧಾನವನ್ನು ವೊಲಾಸ್ಟನ್ ದಶಕಗಳ ಕಾಲ ಗುಟ್ಟಾಗಿಟ್ಟು, ಸಾಯುವ ವರ್ಷ ರಾಯಲ್ ಸೊಸೈಟಿಗೆ ಬರೆದುಕೊಟ್ಟರು. ಅದರಲ್ಲಿ ಆಸಿಡ್ ಕೊಳ್ಳುವವರಿಗೇ ಒಂದು ಕಿವಿಮಾತಿದೆ. ಅಂದಿನ ಅಂಗಡಿಗಳಲ್ಲಿ ನೈಟ್ರಿಕ್ ಆಮ್ಲ ಸಿಂಗಲ್, ಡಬಲ್ ಎಂಬ ಎರಡು ಬಗೆಯಲ್ಲಿ ಸಿಗುತ್ತಿತ್ತು. ಅವರು ಹೇಳಿದ್ದು ತೆಳುವಾದ, ಅಗ್ಗದ ಸಿಂಗಲ್ ಸಾಕು ಎಂದು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಅಳತೆಯ ನೀರು.

ಯಾಕೆ? ತೀಕ್ಷ್ಣ ಆಮ್ಲ ಬೇಕಾದ ಪ್ಲಾಟಿನಂ ಜೊತೆಗೆ ಬೇಡದ ಇರಿಡಿಯಂ ಅನ್ನೂ ಕರಗಿಸುತ್ತದೆ. ತೆಳು ಆಮ್ಲ ಅದನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಲೋಹವೂ ಶುದ್ಧ, ಖರ್ಚೂ ಕಡಿಮೆ. ಆಮ್ಲದ ಶಕ್ತಿಯನ್ನು ಅವರು ಅಮೃತಶಿಲೆಯಿಂದ ಅಳೆದರು: ಇಷ್ಟು ಆಮ್ಲ ಎಷ್ಟು ಕಲ್ಲಿಗೆ ಸಮ ಎಂಬ ಲೆಕ್ಕ. ಆಮ್ಲ ಕರಗಿಸಬಲ್ಲದ್ದಕ್ಕಿಂತ ಕನಿಷ್ಠ ಶೇ. 20ರಷ್ಟು ಹೆಚ್ಚು ಅದಿರು ಹಾಕಿ, ಮೂರು ನಾಲ್ಕು ದಿನ ನಿಧಾನವಾಗಿ ಶಾಖ ಏರಿಸುತ್ತಿದ್ದರು.

ಮುಂದಿನ ಹಂತದಲ್ಲೂ ಅದೇ ಜಾಗ್ರತೆ. ಪ್ಲಾಟಿನಂ ಪುಡಿಯನ್ನು ಕೈಯಲ್ಲಿ ಉಜ್ಜುವುದು, ಗಟ್ಟಿ ಕಣಗಳನ್ನು ಮರದ ಪಾತ್ರೆಯಲ್ಲಿ ಮರದ ಕುಟ್ಟಣಿಯಿಂದಲೇ ಅರೆಯುವುದು. ಗಟ್ಟಿಯಾದ ವಸ್ತು ತಾಗಿ ಕಣದ ಮೈ ನುಣುಪಾದರೆ ಅವು ಒಂದಕ್ಕೊಂದು ಅಂಟುವುದಿಲ್ಲ. ನಂತರ ಒದ್ದೆ ಪುಡಿಯನ್ನು ಹಿತ್ತಾಳೆ ಕೊಳವೆಯಲ್ಲಿ ಬಲವಾಗಿ ಒತ್ತಿ, ಕಾಯಿಸಿ, ಬಡಿಯುತ್ತಿದ್ದರು.

ಹೀಗೆ ಸುಮಾರು ಎರಡು ದಶಕದಲ್ಲಿ ಒಂದು ಟನ್‌ಗೂ ಹೆಚ್ಚು ಪ್ಲಾಟಿನಂ ತಯಾರಾಯಿತು. ಬಂದೂಕು ತಯಾರಕರು ಕೊಂಡರು. ಸಲ್ಫ್ಯೂರಿಕ್ ಆಮ್ಲ ತಯಾರಕರು ಆಮ್ಲ ಕುದಿಸಲು ಪ್ಲಾಟಿನಂ ಹಂಡೆಗಳನ್ನೇ ಮಾಡಿಸಿಕೊಂಡರು.

ಟ್ರೇ ಕಥೆ

ವೊಲಾಸ್ಟನ್ ಬಗ್ಗೆ ಒಂದು ಕಥೆ ಓಡಾಡುತ್ತದೆ. ಅತಿಥಿಯೊಬ್ಬರು ಪ್ರಯೋಗಾಲಯ ನೋಡಬೇಕು ಎಂದಾಗ, ಅವರು ಕೆಲವೇ ಗಾಜಿನ ತಟ್ಟೆ, ಊದುಕೊಳವೆ ಇದ್ದ ಒಂದು ಟ್ರೇ ತರಿಸಿ, ಇಷ್ಟೇ ಎಂದರಂತೆ. ಕಥೆ ನಿಜವೋ ಅಲ್ಲವೋ, ಲಂಡನ್‌ನ ಬಕಿಂಗ್‌ಹ್ಯಾಂ ಬೀದಿಯ ಅವರ ಮನೆಯ ಹಿಂದೆ ಪೂರ್ಣ ಪ್ರಮಾಣದ ಪ್ರಯೋಗಾಲಯವಂತೂ ಇತ್ತು. ಇಂದಿನ ವಿಡಿಯೋಗಳೂ ನಮಗೆ ತೋರಿಸುವುದು ಟ್ರೇಯನ್ನು ಮಾತ್ರ.

ಹಾಗಾದರೆ ನಾವು ಗಮನಿಸಬೇಕಾದದ್ದು ಏನು?

• ಇಂದು ಆಸಿಡ್ ಕಮರ್ಷಿಯಲ್, ಎಲ್‌ಆರ್, ಎಆರ್ ಎಂಬ ಗ್ರೇಡ್‌ಗಳಲ್ಲಿ ಸಿಗುತ್ತದೆ. ಇವು ಹೇಳುವುದು ಕಲ್ಮಶದ ಬಗ್ಗೆ, ಸುರಕ್ಷತೆಯ ಬಗ್ಗೆ ಅಲ್ಲ. ದುಬಾರಿ ಎಆರ್ ಆಸಿಡ್ ಕೂಡ ಅಷ್ಟೇ ಸುಡುತ್ತದೆ.

• ಕಲ್ಮಶ ಕೆಲಸ ಕೆಡಿಸುವುದು ನಿಜ. ನೈಟ್ರಿಕ್ ಆಮ್ಲದಲ್ಲೋ ಬೋರ್‌ವೆಲ್ ನೀರಿನಲ್ಲೋ ಕ್ಲೋರೈಡ್ ಇದ್ದರೆ, ಕರಗಿದ ಬೆಳ್ಳಿ ಬಿಳಿ ಗಸಿಯಾಗಿ ಕೂರುತ್ತದೆ. ಕಮರ್ಷಿಯಲ್ ಹೈಡ್ರೋಕ್ಲೋರಿಕ್ ಆಮ್ಲದ ಹಳದಿ ಬಣ್ಣಕ್ಕೆ ಸಾಮಾನ್ಯವಾಗಿ ಕಬ್ಬಿಣ ಕಾರಣ.

• ನೈಟ್ರಿಕ್ ಆಮ್ಲ ಲೋಹ ಕರಗಿಸುವಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಾಡಿದ ತಕ್ಷಣ ಏನೂ ಆಗಿಲ್ಲ ಅನ್ನಿಸಬಹುದು. ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಅಪಾಯವಾಗಬಹುದು. ಬಟ್ಟೆ ಮಾಸ್ಕ್ ಇದನ್ನು ತಡೆಯುವುದಿಲ್ಲ. ಹೊಗೆ ಕುಡಿದವರನ್ನು ಆರಾಮಾಗಿ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ.

• ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಆದೇಶದಂತೆ, ಅಂಗಡಿಯವರು ಗುರುತಿನ ಚೀಟಿ ನೋಡಿ, ವಿವರ ಬರೆದುಕೊಂಡೇ ಆಸಿಡ್ ಮಾರಬೇಕು. ಹಾಗೆ ಕೇಳದೆ ಕೊಡುವವರು ಒಳ್ಳೆಯ ಸಪ್ಲೈಯರ್ ಅಲ್ಲ.

• ಹಳೆಯ ಮೊಬೈಲ್, ಕಂಪ್ಯೂಟರ್ ಬೋರ್ಡುಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಉಳಿದ ಆಸಿಡ್ ಚರಂಡಿಗೆ ಸುರಿದರೆ ತಾಮ್ರ, ಸೀಸವೂ ಅದರೊಂದಿಗೆ ನೀರು ಸೇರುತ್ತವೆ.

ವೊಲಾಸ್ಟನ್ 1828ರ ಡಿಸೆಂಬರ್‌ನಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಭೂವಿಜ್ಞಾನದ ದೊಡ್ಡ ಗೌರವವಾದ ವೊಲಾಸ್ಟನ್ ಪದಕ ಇಂದಿಗೂ ಅವರ ಹೆಸರಿನಲ್ಲಿದೆ. ಅವರ ಸಂಪತ್ತು ಬಂದಿದ್ದು ಎರಡು ನಿಮಿಷದಲ್ಲಲ್ಲ, ಎರಡು ದಶಕದಲ್ಲಿ. ಮುಂದಿನ ಸಲ ಚಿನ್ನದ ವಿಡಿಯೋ ಬಂದಾಗ ಅದರ ಕೆಳಗೆ ಇದನ್ನೂ ಫಾರ್ವರ್ಡ್ ಮಾಡಿ. ಗ್ರೂಪಿನಲ್ಲಿ ಯಾರೋ ಒಬ್ಬರು ಆಗಲೇ ಆಸಿಡ್ ಅಂಗಡಿಗೆ ಹೊರಟಿರಬಹುದು.