ಸಿಡುಬಿನ ಭಯಕ್ಕೆ ಲೆಕ್ಕದಿಂದ ಉತ್ತರಿಸಿದ ಡೇನಿಯಲ್ ಬರ್ನೌಲಿ

ಭೌತಶಾಸ್ತ್ರದ ಪಾಠದಲ್ಲಿ ಬರುವ ಬರ್ನೌಲಿ ತತ್ವ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದನ್ನು ಕೊಟ್ಟ ಡೇನಿಯಲ್ ಬರ್ನೌಲಿ ವೈದ್ಯಕೀಯವನ್ನೂ ಓದಿದ್ದರು.

1700ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಹುಟ್ಟಿದ ಅವರು ಬೆಳೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ತಂದೆ ಯೋಹಾನ್ ಹೆಸರಾಂತ ಗಣಿತಜ್ಞ. ಆದರೂ ಮಗ ವ್ಯಾಪಾರಿಯಾಗಲಿ ಎಂದು ಬಯಸಿದ್ದರು. 1734ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಇಬ್ಬರಿಗೂ ಸಮನಾಗಿ ಬಂದಾಗ ತಂದೆಗೆ ಸಿಟ್ಟು ಬಂತು. 1738ರಲ್ಲಿ ಡೇನಿಯಲ್ ಅವರ ‘ಹೈಡ್ರೊಡೈನಮಿಕಾ’ ಪ್ರಕಟವಾಯಿತು. ಹರಿಯುವ ನೀರಿನ ವೇಗಕ್ಕೂ ಒತ್ತಡಕ್ಕೂ ಇರುವ ಸಂಬಂಧ ಅದರಲ್ಲಿದೆ.

1760ರಲ್ಲಿ ಅವರು ಸಿಡುಬಿನ ಲೆಕ್ಕಕ್ಕೆ ಕೈಹಾಕಿದರು. ಆಗಿನ್ನೂ ಲಸಿಕೆ ಬಂದಿರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮ ಗೀರಿ ಹಚ್ಚುತ್ತಿದ್ದರು. ಅದರಿಂದಲೂ ಕೆಲವರು ಸಾಯುತ್ತಿದ್ದುದರಿಂದ ಜನ ಹೆದರುತ್ತಿದ್ದರು. ಬರ್ನೌಲಿ ಆ ಸಾವನ್ನು ಮುಚ್ಚಿಡದೆ ಲೆಕ್ಕಕ್ಕೆ ಸೇರಿಸಿದರು: ಹೀಗೆ ಹಚ್ಚಿಸಿಕೊಂಡ 200 ಮಂದಿಯಲ್ಲಿ ಒಬ್ಬರು ಸಾಯಬಹುದು, ಸಿಡುಬು ತಗುಲಿದರೆ 8 ಮಂದಿಯಲ್ಲಿ ಒಬ್ಬರು. ಎಲ್ಲರಿಗೂ ಹಚ್ಚಿದರೆ, 26 ವರ್ಷ 7 ತಿಂಗಳಿದ್ದ ಸರಾಸರಿ ಆಯಸ್ಸು ಸುಮಾರು 3 ವರ್ಷ ಹೆಚ್ಚುತ್ತದೆ ಎಂದು ತೋರಿಸಿದರು. ಸಾಂಕ್ರಾಮಿಕ ರೋಗಗಳನ್ನು ಗಣಿತದಿಂದ ಅಳೆದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

1782ರಲ್ಲಿ ಅವರು ಬಾಸೆಲ್‌ನಲ್ಲಿ ತೀರಿಕೊಂಡರು. ಜೆನ್ನರ್ ಲಸಿಕೆ ಬಂದದ್ದು 1796ರಲ್ಲಿ. ಜಗತ್ತು ಸಿಡುಬುಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ.

ಲಸಿಕೆಯಿಂದ ಯಾರಿಗೋ ತೊಂದರೆಯಾಯಿತು ಎಂಬ ಫಾರ್ವರ್ಡ್ ಬಂದರೆ, ಮುಂದೆ ಕಳಿಸುವ ಮುನ್ನ ನಾವು ಬರ್ನೌಲಿಯಂತೆ ಎರಡೂ ಕಡೆ ಲೆಕ್ಕ ಹಾಕೋಣ: ಲಸಿಕೆ ಹಾಕಿಸಿಕೊಂಡರೆ ಅಪಾಯ ಎಷ್ಟು ಮಂದಿಗೆ, ಹಾಕಿಸದಿದ್ದರೆ ಎಷ್ಟು ಮಂದಿಗೆ?